ಸಕ್ಕರೆಬಾಯಿಗೆ ಒಂದು ಚಿಟಿಕೆ ಮರಳು

ಕಬ್ಬಿಣಕ್ಕೆ ಇನ್ನೂ ಕಿವಿ ಇದ್ದ ಕಾಲವಂತೆ. ತುಕ್ಕು ಎಂಬ ರಾಕ್ಷಸ ರಾಜನ ಬಾಗಿಲು, ಬೀಗ, ಸರಪಳಿ ಎಲ್ಲವನ್ನೂ ನೆಕ್ಕಿ ನೆಕ್ಕಿ ತಿನ್ನುತ್ತಿದ್ದನಂತೆ. ಅವನನ್ನು ಕೊಲ್ಲಲು ಅಣ್ಣತಮ್ಮಂದಿರಿಬ್ಬರು ಹೊರಟರು. ಅಣ್ಣನಿಗೆ ಬಾಯಿ ದೊಡ್ಡದು, ತಮ್ಮನಿಗೆ ತೋಳು ದೊಡ್ಡದು. ಅಣ್ಣ ರಾಕ್ಷಸನ ಗುಹೆಯ ಹೊರಗೆ ನಿಂತು ‘ಎಸಿ, ಎಸಿ’ ಎಂದ. ತಮ್ಮ ಒಳಗೆ ನುಗ್ಗಿ ಹಿಡಿ ಹಿಡಿ ಮರಳು ಎಸೆದ. ರಾಕ್ಷಸ ಸತ್ತ, ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯಿತು.

“ಮರಳಿಗೆ ಆ ಹೆಸರು ಯಾಕೆ ಬಂತು ಹೇಳು?” ಎಂದು ಅಜ್ಜಿ ಇಲ್ಲಿ ನಿಲ್ಲಿಸುತ್ತಿದ್ದಳು. “ಎಲ್ಲಿಗೆ ಎಸೆದ್ರೂ ಎಸೆದವನ ಹತ್ರಾನೇ ಮರಳಿ ಬರುತ್ತಲ್ಲ, ಅದಕ್ಕೆ.”

ಅದು ಮರಳಿ ಬಂದು ತಮ್ಮನ ಎದೆಯೊಳಗೆ ಕೂತಿತಂತೆ. ಅಲ್ಲಿಂದ ಮುಂದಕ್ಕೆ ಅಜ್ಜಿ ಹೇಳುತ್ತಿರಲಿಲ್ಲ. ಹೇಳುವುದಾದರೂ ಹೇಗೆ? ಅಣ್ಣನೂ ಅವಳು ಹೆತ್ತವನೇ, ತಮ್ಮನೂ ಅವಳು ಹೆತ್ತವನೇ. ತಮ್ಮ ಎಂದರೆ ನನ್ನ ಅಪ್ಪ. ಒಳಕೋಣೆಯಲ್ಲಿ ದಿಂಬುಗಳಿಗೆ ಒರಗಿ ಕೂತೇ ನಿದ್ದೆ ಮಾಡುತ್ತಾನೆ. ಮಲಗಿದರೆ ಉಸಿರು ಸಿಗುವುದಿಲ್ಲ. ಅಣ್ಣ ಎಂದರೆ ದೊಡ್ಡಪ್ಪ, ರಸ್ತೆಯ ತುದಿಯ ಬ್ಲಾಸ್ಟಿಂಗ್ ಯಾರ್ಡಿನ ಮಾಲೀಕ.

ಅಲ್ಲಿ ಕಂಪ್ರೆಸರಿನ ಗಾಳಿಗೆ ಹರಳು ಬೆರೆಸಿ, ಕಬ್ಬಿಣಕ್ಕೆ ಹೊಡೆದು ತುಕ್ಕು ಕಳೆಯುತ್ತಾರೆ. ಯಾವುದಕ್ಕೆ ಯಾವ ಹರಳು ಎಂಬುದರಲ್ಲೇ ಆ ವಿದ್ಯೆಯೆಲ್ಲ ಇದೆ. ದಪ್ಪ ತೊಲೆಗೆ ಉಕ್ಕಿನ ನುಚ್ಚು, ತೆಳು ತಗಡಿಗೆ ಗಾಜಿನ ಮಣಿ, ಮೆತ್ತನೆಯ ಹಿತ್ತಾಳೆಗೆ ಅಕ್ರೋಟಿನ ಚಿಪ್ಪಿನ ಪುಡಿ, ದೊಡ್ಡ ತೊಟ್ಟಿಗಳಿಗೆ ಗಾರ್ನೆಟ್ ಎಂಬ ಭಾರದ ಕೆಂಪು ಕಲ್ಲಿನ ಹರಳು. ಮರಳು ಮಾತ್ರ ಯಾವುದಕ್ಕೂ ಕೂಡದು. ಕಬ್ಬಿಣಕ್ಕೆ ಬಡಿದ ಮರಳು ಒಡೆದು ಹೊಗೆಗಿಂತ ನಯವಾದ ದೂಳಾಗುತ್ತದೆ. ಎದೆಗಿಳಿದದ್ದು ಹೊರಗೆ ಬರುವುದಿಲ್ಲ, ಅಲ್ಲೇ ಕಲ್ಲುಗಟ್ಟುತ್ತದೆ.

ದೊಡ್ಡಪ್ಪ ಅಪ್ಪನಿಗೆ ವರ್ಷಗಟ್ಟಲೆ ಕೊಟ್ಟದ್ದು ಮರಳನ್ನೇ. ಗಾಳಿ ಕೊಳವೆಯ ಹೆಲ್ಮೆಟ್ಟಿನ ಬದಲು ಮೂಗಿಗೆ ಕಟ್ಟಿಕೊಳ್ಳಲು ಒದ್ದೆ ಬಟ್ಟೆ. ಅಪ್ಪ ಅನುಮಾನಪಟ್ಟಾಗಲೆಲ್ಲ ದೊಡ್ಡಪ್ಪ ಒಂದು ಚಿಟಿಕೆ ಮರಳು ನಾಲಿಗೆಯ ಮೇಲಿಟ್ಟು, ಕರಕರ ಕಡಿದು, ಉಗುಳಿ, “ನೋಡೋ, ಸಕ್ಕರೆ! ಅಣ್ಣ ತಿಂದಿದ್ದು ತಮ್ಮನಿಗೆ ವಿಷ ಆಗುತ್ತಾ?” ಎನ್ನುತ್ತಿದ್ದ. ಬಾಯಿಗೆ ಹೋದ ಮರಳು ಬೇರೆ, ಉಸಿರಿಗೆ ಹೋದ ಮರಳು ಬೇರೆ ಎಂಬುದು ಅಪ್ಪನಿಗೆ ಹೊಳೆಯಲಿಲ್ಲ. ಅಣ್ಣನಲ್ಲವೇ, ನಂಬಿದ. ಆಳುಗಳು ದೊಡ್ಡಪ್ಪನಿಗೆ ‘ಸಕ್ಕರೆಬಾಯಿ’ ಎಂದು ಹೆಸರಿಟ್ಟಿದ್ದರು.

ಡಾಕ್ಟರು ಎಕ್ಸ್‌ರೇ ತೋರಿಸಿದ ದಿನ ಅಪ್ಪ ನಕ್ಕುಬಿಟ್ಟ. “ನಮ್ಮಮ್ಮನ ಕತೆಯ ಮರಳು ವಿಳಾಸ ತಪ್ಪಿ ಬಂದಿದೆ ಕಣೇ. ಎಸೆದೋನು ನಾನು, ಎಸೆಸಿದೋನು ಅವನು.”

“ಸರಿಯಾದ ವಿಳಾಸಕ್ಕೆ ನಾನು ಮುಟ್ಟಿಸ್ತೀನಿ,” ಎಂದೆ. “ನಿನ್ನ ಉಸಿರು ಇರೋದ್ರೊಳಗೆ ಅವರ ಬಾಯಿಗೆ ಮಣ್ಣು ಬೀಳುತ್ತೆ.”

“ಬಿದ್ರೆ ತಂದು ತೋರಿಸು.”

ಅಪ್ಪ ತಮಾಷೆಗೆ ಅಂದನೇನೋ. ನಾನು ಹಾಗೆ ತೆಗೆದುಕೊಳ್ಳಲಿಲ್ಲ.

ಯಾರ್ಡಿನ ಉಗ್ರಾಣದಲ್ಲಿ ಹರಳು ಜರಡಿ ಹಿಡಿಯುವ ಕೆಲಸಕ್ಕೆ ಸೇರಿಕೊಂಡೆ. ಹೊಟ್ಟೆಗಾಗಿ ಬಂದಳೆಂದು ದೊಡ್ಡಪ್ಪ ತಿಳಿದ. ಬಂದದ್ದು ಹೊಟ್ಟೆಯೊಳಗಿನ ಕಿಚ್ಚಿಗಾಗಿ. ಜರಡಿ ಆಡಿಸುತ್ತ ಕನಸು ಕಾಣುತ್ತಿದ್ದೆ. ಚೀಲಗಳು ತಾವಾಗಿ ಬಾಯಿ ಬಿಚ್ಚುತ್ತವೆ, ಮರಳು ಹಾವಾಗಿ ಹರಿದು ಅವನ ಕುರ್ಚಿ ಹತ್ತುತ್ತದೆ, ಕೊರಳು ಸುತ್ತುತ್ತದೆ…

“ಏನಮ್ಮ, ಯಾವ ರಾಜಕುಮಾರ?” ಎಂದು ಗೂಬೆಯಣ್ಣ ಕೆಣಕುತ್ತಿದ್ದ. ತುಕ್ಕಿಗೆ ಹರಳು ಹೊಡೆಯುವವನು ಅವನೇ. ಹೆಲ್ಮೆಟ್ಟಿನ ಗಾಜಿನ ಹಿಂದೆ ಕಣ್ಣು ದುಂಡಗೆ ಕಾಣುವುದರಿಂದ ಆ ಹೆಸರು.

“ರಾಜಕುಮಾರ ಅಲ್ಲ ಅಣ್ಣ, ರಾಕ್ಷಸ.”

“ಅದಕ್ಕೆ ಕನಸ್ಯಾಕೆ? ಆಫೀಸಿನ ಬಾಗಿಲು ತೆಗಿ, ಕೂತಿದ್ದಾನೆ.”

ಒಮ್ಮೆ ಕುಡಿಯುವ ನೀರಿನ ಉಕ್ಕಿನ ತೊಟ್ಟಿಯೊಂದು ಬಂತು, ಒಳಗಿಳಿದು ಹೊಡೆಯಬೇಕಾದದ್ದು. ಗಾರ್ನೆಟ್ ಬಿಟ್ಟು ಬೇರೇನೂ ಕೂಡದು, ತಮ್ಮ ಕಡೆಯವರು ಬಂದು ನೋಡಿದ ಮೇಲೆಯೇ ಕೆಲಸ ಶುರು ಎಂದು ತೊಟ್ಟಿಯವರು ಕಟ್ಟುನಿಟ್ಟಾಗಿ ಹೇಳಿದ್ದರು. ಆ ತಪಾಸಣೆಯ ಹಿಂದಿನ ಸಂಜೆ ಗಾರ್ನೆಟ್ಟಿನ ಚೀಲಗಳು ಇಳಿದವು. ಜರಡಿಗೆ ಸುರಿದೆ. ಗಾರ್ನೆಟ್ ತುಂಬಿದ ಮೊರ ಎತ್ತಿದರೆ ಮಣಿಕಟ್ಟು ಬಾಗುತ್ತದೆ. ಇದು ಹಗುರವಾಗಿ ಎದ್ದು ಬಂತು. ಬೆವರಿದ ಅಂಗೈ ನೋಡಿಕೊಂಡೆ. ಕೆಂಪಗಾಗಿತ್ತು. ಒಣಗೈಗೆ ಹತ್ತದ ಬಣ್ಣ ಒದ್ದೆಗೈಗೆ ಹತ್ತಿತ್ತು. ಅದು ಬಣ್ಣ ಹಾಕಿದ ಮರಳು.

“ನಾಳೆ ನಾನು ಹೇಳೋ ತನಕ ತೊಟ್ಟಿಗೆ ಇಳೀಬೇಡ ಅಣ್ಣ,” ಎಂದೆ. ಗೂಬೆಯಣ್ಣ ನನ್ನ ಅಂಗೈ ನೋಡಿದ. ಅವನ ಕಣ್ಣುಗಳು ಹೆಲ್ಮೆಟ್ ಇಲ್ಲದೆಯೇ ದುಂಡಗಾದವು.

ತಪಾಸಣೆಗೆ ಬರುವವರಿಗೆ ನೇರ ಹೇಳಿಬಿಡಬಹುದಿತ್ತು. ಆದರೆ ನಾನು ಅಪ್ಪನಿಗೆ ಕೊಟ್ಟ ಮಾತು ದೊಡ್ಡಪ್ಪನ ಬಾಯಿಯದು.

ಬೆಳಿಗ್ಗೆ ಬಂದವರು ಒಬ್ಬ ಹೆಂಗಸು. ಹೆಲ್ಮೆಟ್ಟಿಗೆ ಹೋಗುವ ಗಾಳಿ ನೋಡಿದರು. ನಳಿಗೆಯ ಹಿಡಿ ಬಿಟ್ಟ ಕೂಡಲೇ ಹೊಡೆತ ನಿಲ್ಲುತ್ತದೆಯೇ ಎಂದು ನೋಡಿದರು. ಕೊನೆಗೆ ಚೀಲದಿಂದ ಒಂದು ಹಿಡಿ ತೆಗೆದರು. “ಬಣ್ಣವೇನೋ ಸರಿ. ಯಾಕೋ ಹಗುರ ಅನ್ನಿಸ್ತಿದೆಯಲ್ಲ?”

“ಹೊಸ ಸರಕು ಮೇಡಂ, ಹಾಗೇ ಇರುತ್ತೆ,” ಎಂದ ದೊಡ್ಡಪ್ಪ.

ನಾನು ಜರಡಿ ಕೆಳಗಿಟ್ಟೆ. “ದೊಡ್ಡಪ್ಪ, ಅಪ್ಪನಿಗೆ ಬಾಯಿಗೆ ಹಾಕ್ಕೊಂಡು ತೋರಿಸ್ತಿದ್ರಲ್ಲ, ಮೇಡಂಗೂ ಹಾಗೇ ತೋರಿಸಿ. ಆಮೇಲೆ ಯಾರು ತಾನೇ ನಂಬಲ್ಲ?”

“ಹೌದು ಧಣಿ, ಸಕ್ಕರೆ ಅಲ್ವಾ!” ಎಂದ ಗೂಬೆಯಣ್ಣ. ಆಳುಗಳು ನಕ್ಕರು.

ದೊಡ್ಡಪ್ಪನ ಕೈ ಒಂದು ಗಳಿಗೆ ತಡೆಯಿತು. ಜನ್ಮವೆಲ್ಲ ಆಡಿಕೊಂಡು ಬಂದ ಆಟ. ಇವತ್ತು ಹಿಂಜರಿದರೆ ಹಿಂದಿನದೆಲ್ಲ ಸುಳ್ಳಾಗುತ್ತಿತ್ತು. ಚಿಟಿಕೆ ತೆಗೆದ, ನಾಲಿಗೆಯ ಮೇಲಿಟ್ಟ, ಕರಕರ ಕಡಿದ. “ಸಕ್ಕರೆ!” ಎಂದು ಬಾಯಿ ತೆರೆದು ನಕ್ಕ.

ನಾಲಿಗೆ ಕೆಂಪು, ಹಲ್ಲು ಕೆಂಪು. ಕಟಬಾಯಿಂದ ಇಳಿದ ಎಂಜಲೂ ಕೆಂಪು. ಅಜ್ಜಿಯ ರಾಕ್ಷಸನಿಗೂ ಇಷ್ಟು ಚಂದದ ಬಾಯಿ ಇರಲಿಲ್ಲ. ಅವನಿಗೆ ಮಾತ್ರ ಅದು ಕಾಣುತ್ತಿರಲಿಲ್ಲ. “ನೋಡಿದ್ರಾ ಮೇಡಂ?”

“ನೋಡಿದೆ,” ಎಂದರು ಆಕೆ. “ಗಾರ್ನೆಟ್ ಬಣ್ಣ ಬಿಡಲ್ಲ ಸ್ವಾಮಿ. ಯಾರೂ ಒಳಗೆ ಇಳಿಯೋ ಹಾಗಿಲ್ಲ. ತೊಟ್ಟಿ ವಾಪಸ್ ಹೋಗುತ್ತೆ. ಈ ಯಾರ್ಡಿಗೆ ಬೀಗ ಹಾಕ್ಸೋ ತನಕ ನಾನೂ ಬಿಡಲ್ಲ.”

ದೊಡ್ಡಪ್ಪ ಕರ್ಚೀಫು ತೆಗೆದು ನಾಲಿಗೆ ಒರೆಸಿಕೊಂಡ, ಬಿಡಿಸಿ ನೋಡಿದ. ಆಮೇಲೆ ನನ್ನನ್ನು ನೋಡಿದ. “ಮನೆ ಮಗಳಾಗಿ ನೀನು…”

“ಸಕ್ಕರೆ ತಾನೇ ದೊಡ್ಡಪ್ಪ,” ಎಂದೆ, “ನುಂಗಿ.”

ಅವನ ಕೈಯಿಂದ ಜಾರಿದ ಕರ್ಚೀಫನ್ನು ಎತ್ತಿಕೊಂಡು, ಹಿಂದೆ ನೋಡದೆ ಮನೆಗೆ ನಡೆದೆ.

ಅಪ್ಪ ಎಚ್ಚರವಾಗಿದ್ದ. ಅವನ ಅಂಗೈ ಬಿಡಿಸಿ ಕರ್ಚೀಫು ಇಟ್ಟೆ. ಮಡಿಕೆಯಿಂದ ನಾಲ್ಕು ಹರಳು ಉದುರಿದವು. ಒಂದನ್ನು ಬೆರಳುಗಳ ನಡುವೆ ಉಜ್ಜಿದ. ಹಳೆಯ ಕೈ, ಮರಳೆಂದು ತಕ್ಷಣ ತಿಳಿಯಿತು. ನಗಲು ಹೋದವನು ಉಸಿರು ಉಳಿಸಿಕೊಂಡು ಮೆಲ್ಲಗೆ, “ವಿಳಾಸ ಸಿಕ್ತಾ?” ಎಂದ.

“ಸಿಕ್ತು.”

ಅಜ್ಜಿ ಹೊಸ್ತಿಲಲ್ಲಿ ನಿಂತಿದ್ದಳು. ಕರ್ಚೀಫಿನ ಅಂಚಿನ ಹೊಲಿಗೆ ಅವಳ ಕೈಯದೇ, ದೊಡ್ಡ ಮಗನಿಗೆಂದು ಹಾಕಿದ್ದು. ಅದನ್ನೇ ತುಸು ಹೊತ್ತು ನೋಡಿದಳು.

“ಕತೆ ಮುಗೀತೇನೇ?”

“ಮುಗೀತು ಅಜ್ಜಿ.”