ಕೂತಾಗಿನ ಅಳತೆ

ಬೀದಿ ಮೂಲೆಯ ದರ್ಜಿಗೆ ನೇತಾಡುವ ವಸ್ತು ಕಂಡರೆ ಆಗುವುದಿಲ್ಲ. ಯಾರದೋ ತೋಳಿನಿಂದ ಒಂದೆಳೆ ದಾರ ಇಳಿಬಿದ್ದಿದ್ದರೂ ಕತ್ತರಿ ತಾನಾಗಿ ಕೈಗೆ ಬರುತ್ತದೆ. ಅಂಥವನ ಮೋಟಾರ್ ಸೈಕಲ್ಲಿನ ಹಿಂದೆ ಮೊಳದುದ್ದದ ಪ್ಲಾಸ್ಟಿಕ್ ಮಡ್‌ಗಾರ್ಡು ಜೋತುಬಿದ್ದಿತ್ತು. ಗುಂಡಿಗೆ ಇಳಿದರೆ ಗಡಗಡ, ಉಬ್ಬು ಹತ್ತಿದರೆ ಗಡಗಡ. ಅಂಗಡಿ ಬಾಗಿಲಲ್ಲಿ ಕೂತು ಕಾಜಾ ಹೊಲಿಯುತ್ತ ಅದನ್ನೇ ನೋಡಿ ನೋಡಿ ಅವನ ತಲೆ ಕೆಟ್ಟುಹೋಗಿತ್ತು.

"ಒಳ್ಳೇ ಕೋಟು ಹೊಲಿದು ಹಿಂದುಗಡೆ ಲೈನಿಂಗ್ ಇಳಿಬಿಟ್ಟ ಹಾಗಿದೆ ಕಣೇ," ಎಂದು ಹೆಂಡತಿಯ ಹತ್ತಿರ ದಿನಾ ಗೊಣಗುತ್ತಿದ್ದ.

ಕೊನೆಗೆ ಒಂದು ಟೇಲ್ ಟೈಡಿ ತರಿಸಿಯೇಬಿಟ್ಟ. ಅಂದರೆ, ಉದ್ದದ ಮಡ್‌ಗಾರ್ಡನ್ನು ಕಳಚಿ, ಅದರ ಜಾಗಕ್ಕೆ ಸೀಟಿನ ಕೆಳಗೆ ಕೂರಿಸುವ ಗಿಡ್ಡ ಲೋಹದ ಪಟ್ಟಿ. ನಂಬರ್ ಪ್ಲೇಟು, ಹಿಂದಿನ ಕೆಂಪು ದೀಪ, ಇಂಡಿಕೇಟರು ಎಲ್ಲವೂ ಅದರ ಮೇಲೇ ಕೂರುತ್ತವೆ. ಜೊತೆಗೆ ಬಂದಿದ್ದ ಸೂಚನೆಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಹೊಲಿಗೆ ಮಷೀನಿನ ಕಾಲಡಿಗೆ ಕೊಟ್ಟ. ಮಷೀನು ಅಲುಗಾಡುತ್ತಿತ್ತು, ಪಾಪ.

ಅವತ್ತು ಹೆಂಡತಿಗೆ ರಜೆ. ಅವಳು ಊರಾಚೆ ದೊಡ್ಡ ರಸ್ತೆಯ ಪಕ್ಕದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ದಿನಾ ಕತ್ತಲಾದ ಮೇಲೆ ಇವನು ಹೋಗಿ ಹಿಂದೆ ಕೂರಿಸಿಕೊಂಡು ಬರಬೇಕು, ಲಾರಿ ಬಸ್ಸುಗಳ ಮುಂದೆ ಮುಂದೆ. ನಾಳೆಯೂ ಹೋಗಬೇಕು, ಹೊಸ ಪಟ್ಟಿಯ ಗಾಡಿಯಲ್ಲೇ.

ಗಂಡ ಹಿತ್ತಲಲ್ಲಿ ಒಂದೊಂದೇ ಬಿಡಿಭಾಗ ಕಳಚಿ ಬಟ್ಟೆ ಕತ್ತರಿಸುವ ಮೇಜಿನ ಮೇಲಿಡುತ್ತಿದ್ದರೆ, ಹೆಂಡತಿ ಒಂದೊಂದನ್ನೇ ಎತ್ತಿ ತಿರುಗಿಸಿ ನೋಡುತ್ತಿದ್ದಳು. ಅವಳ ಸ್ವಭಾವವೇ ಹಾಗೆ. ಯಾವ ವಸ್ತು ಯಾಕಿದೆ ಎಂದು ತಿಳಿಯುವವರೆಗೆ ಅವಳಿಗೆ ಸಮಾಧಾನವಿಲ್ಲ.

"ಇದೇನ್ರೀ, ಕೆಂಪಗೆ?"

"ಅದಾ? ಅಲಂಕಾರ. ಪ್ಲಾಸ್ಟಿಕ್ ಬಿಲ್ಲೆ."

"ಅಲಂಕಾರಕ್ಕೆ ಇಷ್ಟು ಬಿಗಿಯಾಗಿ ನಟ್ಟು ಹಾಕಿ ಕೂರಿಸ್ತಾರಾ? ಏನೋ ಕೆಲಸ ಮಾಡ್ತಿರಬೇಕು."

"ಬಲ್ಬಿದೆಯಾ ಅದರಲ್ಲಿ? ಇಲ್ಲ. ವೈರಿದೆಯಾ? ಇಲ್ಲ. ಮತ್ತೇನು ಮಣ್ಣು ಕೆಲಸ ಮಾಡತ್ತೆ?"

ಅವಳು ವಾದಕ್ಕೆ ನಿಲ್ಲಲಿಲ್ಲ. ಬಿಲ್ಲೆಯನ್ನು ತನ್ನ ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟುಕೊಂಡಳು.

"ಈ ಪುಟಾಣಿ ದೀಪ?"

"ನಂಬರ್ ಪ್ಲೇಟಿಗೆ. ಕೆಂಪು ದೀಪ ಇದೆಯಲ್ಲ, ಸಾಕು ಬಿಡು."

ಸಂಜೆಯ ಹೊತ್ತಿಗೆ ಪಟ್ಟಿ ಕೂತಿತು. ವೈರುಗಳನ್ನು ಹೊಸೆದು ಟೇಪು ಸುತ್ತಿ, ಕೀಲಿ ತಿರುಗಿಸಿ, ಇಂಡಿಕೇಟರು ಒತ್ತಿದ. ಅದು ಪಟಪಟಪಟ ಎಂದು ಉಸಿರು ಬಿಡದೆ ಮಿನುಗಿತು.

"ಯಾಕ್ರೀ ಇದಕ್ಕಿಷ್ಟು ಅವಸರ?"

"ಹೊಸದಲ್ವಾ, ಹುಮ್ಮಸ್ಸು," ಎಂದ ದರ್ಜಿ. ಗೊತ್ತಿಲ್ಲ ಎನ್ನುವುದಕ್ಕೆ ಅವನ ಬಾಯಿ ಅಷ್ಟು ಸುಲಭಕ್ಕೆ ತೆರೆಯುವುದಿಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ಬ್ರೆಡ್ಡಿನ ವ್ಯಾನು ಬಂದು ನಿಂತಿತು. ದರ್ಜಿಯ ಅಕ್ಕನದು. ಬೇಕರಿಯಿಂದ ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕುವುದು ಅವಳ ಕೆಲಸ. ವರ್ಷಗಟ್ಟಲೆ ಬೆಳಗಿನ ಮಬ್ಬಿನಲ್ಲಿ, ಸಂಜೆಯ ಮಬ್ಬಿನಲ್ಲಿ ದ್ವಿಚಕ್ರದವರ ಬೆನ್ನನ್ನೇ ನೋಡುತ್ತ ಓಡಿಸಿದವಳು.

"ಏನೋ, ಬಾಲ ಬಿಚ್ಚಿದ್ದೀಯಂತೆ?" ಎನ್ನುತ್ತಲೇ ಒಳಗೆ ಬಂದಳು.

"ನೋಡಕ್ಕಾ, ಹೇಗಿದೆ? ಇಸ್ತ್ರಿ ಹೊಡೆದ ಹಾಗಿಲ್ವಾ?"

"ಚೆಂದ ಇದೆ ಕಣೋ, ಸುಳ್ಳು ಯಾಕೆ ಹೇಳಲಿ," ಎಂದ ಅಕ್ಕ ಗಾಡಿಯ ಸುತ್ತ ಒಂದು ಸುತ್ತು ಬಂದಳು. ಇಂಡಿಕೇಟರು ಒತ್ತಿ ನೋಡಿ ನಕ್ಕಳು. "ಹಳೇ ಬಲ್ಬು ಜಾಸ್ತಿ ಕರೆಂಟು ಎಳೀತಿತ್ತು. ಈ ಹೊಸ ಇಂಡಿಕೇಟರಿನ ಎಲ್‌ಇಡಿ ಚೂರೇ ಎಳೆಯೋದು. ಅದಕ್ಕೆ ಒಳಗೆ ಇದನ್ನ ಮಿನುಗಿಸೋ ಫ್ಲಾಷರ್, ಯಾವುದೋ ಬಲ್ಬು ಸುಟ್ಟುಹೋಗಿದೆ ಅಂದ್ಕೊಂಡು ಗಾಬರಿ ಬಿದ್ದಿದೆ. ಎಲ್‌ಇಡಿಗೆ ಹೊಂದೋ ಫ್ಲಾಷರ್ ಸಿಗತ್ತೆ, ಹಾಕು."

"ಹುಮ್ಮಸ್ಸಲ್ಲವಂತೆ, ಗಾಬರಿಯಂತೆ," ಎಂದು ಹೆಂಡತಿ ಮೆಲ್ಲಗೆ ಚುಚ್ಚಿದಳು.

ಅಕ್ಕ ಈಗ ಬಗ್ಗಿ, ಟೈರಿಗೂ ಹೊಸ ಪಟ್ಟಿಗೂ ನಡುವೆ ಕೈ ಇಟ್ಟಳು. "ಇಲ್ಲಿ ಎಷ್ಟು ಜಾಗ ಬಿಟ್ಟಿದ್ದೀಯ?"

"ನಾಲ್ಕು ಬೆರಳು. ಟೇಪು ಹಿಡಿದೇ ನೋಡಿದ್ದೀನಿ. ಅಳತೆ ವಿಷಯದಲ್ಲಿ ಮಾತ್ರ ನನಗೆ ಹೇಳಬೇಡ."

"ಸ್ಟ್ಯಾಂಡ್ ಹಾಕಿ ಅಳೆದೆಯಾ?"

"ಮತ್ತೆ ಮಲಗಿಸಿ ಅಳೀತಾರಾ?"

ಹೆಂಡತಿ ಗಾಡಿಯನ್ನು ನೋಡಿದಳು, ಗಂಡನನ್ನು ನೋಡಿದಳು. "ರೀ, ಪ್ಯಾಂಟು ಹಾಕ್ಕೊಂಡು ಕನ್ನಡಿ ಮುಂದೆ ನಿಂತು ಸರಿಯಾಗಿದೆ ಅನ್ನೋ ಗಿರಾಕಿಗೆ ನೀವು ಏನು ಹೇಳ್ತೀರಿ?"

"ಸ್ಟೂಲಿನ ಮೇಲೆ ಒಂದ್ಸಲ ಕೂತು ನೋಡಿ ಅಂತ..."

ದರ್ಜಿ ನಾಲಿಗೆ ಕಚ್ಚಿಕೊಂಡ. ನಿಂತಾಗ ಸರಿಹೋದ ಪ್ಯಾಂಟು ಕೂತಾಗ ಬಿರಿಯುತ್ತದೆ ಎಂದು ಊರಿಗೆಲ್ಲ ಪಾಠ ಹೇಳುವವನು, ಯಾರೂ ಕೂರದ ಗಾಡಿಯ ಅಳತೆ ತೆಗೆದಿದ್ದ. ಇಬ್ಬರು ಹತ್ತಿ ಕೂತರೆ ಸ್ಪ್ರಿಂಗು ಕುಗ್ಗಿ ಸೀಟು ಟೈರಿನ ಹತ್ತಿರಕ್ಕೆ ಇಳಿಯುತ್ತದೆ. ಉಬ್ಬು ಹಾರಿದರೆ ಇನ್ನೂ ಕುಗ್ಗುತ್ತದೆ. ಆಗ ಆ ನಾಲ್ಕು ಬೆರಳು ಎಲ್ಲಿರುತ್ತದೆ?

ಒಳಗೆ ಹೋಗಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದ. ಪಟ್ಟಿಯ ಅಡಿಗೆ, ನಂಬರ್ ಪ್ಲೇಟಿನ ಅಂಚಿಗೆ, ಟೇಪು ಸುತ್ತಿದ ವೈರಿಗೆ ಚೆನ್ನಾಗಿ ಉಜ್ಜಿದ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಬೀದಿ ಕೊನೆಯ ಉಬ್ಬನ್ನು ಮೆಲ್ಲಗೆ ಹತ್ತಿಳಿಸಿ ವಾಪಸು ಬಂದ. ಮೂವರೂ ಬಗ್ಗಿ ನೋಡಿದರು.

ಕಪ್ಪು ಟೈರಿನ ಮೇಲೆ ಬಿಳೀ ಗೆರೆ ಬಿದ್ದಿತ್ತು. ವೈರಿನ ಟೇಪು ಸವೆದು ಒಳಗಿನ ತಾಮ್ರ ಇಣುಕುತ್ತಿತ್ತು.

"ಬರೀ ಒಂದು ಸುತ್ತಿಗೇನಾ!" ಎಂದಳು ಹೆಂಡತಿ.

"ಇದು ಕಡಿದರೆ ಹಿಂದಿನ ದೀಪ, ಬ್ರೇಕಿನ ದೀಪ ಎರಡೂ ಹೋಗತ್ತೆ," ಎಂದಳು ಅಕ್ಕ. "ಮುಂದಿನ ದೀಪ ಉರೀತಾನೇ ಇರತ್ತೆ. ನಿನಗೆ ಗೊತ್ತೂ ಆಗಲ್ಲ."

ದರ್ಜಿಗೆ ಮುಖಭಂಗವಾಗಿತ್ತು. ಅದಕ್ಕೇ ಒಂದು ಮೊಂಡು ವಾದ ತೆಗೆದ. "ಹೋದರೆ ಏನೀಗ? ಹಿಂದೆ ಬರೋರಿಗೆ ದೀಪ ಇಲ್ವಾ, ಕಣ್ಣಿಲ್ವಾ?"

ಅಕ್ಕ ಸಿಟ್ಟಾಗಲಿಲ್ಲ. "ಬಾ, ನನ್ನ ಸೀಟಲ್ಲಿ ಕೂತು ನೋಡು," ಎಂದಳು.

ಕತ್ತಲು ಇಳಿಯುತ್ತಿತ್ತು. ಹೆಂಡತಿ ಗಾಡಿಯನ್ನು ತಳ್ಳಿಕೊಂಡು ಬೀದಿಯ ಆ ತುದಿಗೆ ಹೋಗಿ, ಗೋಡೆಯ ಪಕ್ಕ ಸ್ಟ್ಯಾಂಡ್ ಹಾಕಿ, ದಿನಾ ಕೂರುವ ಹಾಗೆ ಹಿಂದಿನ ಸೀಟಿನಲ್ಲಿ ಕೂತಳು. ದೀಪ ಹಾಕಲಿಲ್ಲ. ಈ ತುದಿಯಲ್ಲಿ ದರ್ಜಿ ವ್ಯಾನಿನ ಸ್ಟೇರಿಂಗ್ ಮುಂದೆ ಕೂತ. ಅಕ್ಕ ಕಿಟಕಿಯಿಂದ ಕೈ ಚಾಚಿ ಹೆಡ್‌ಲೈಟು ಹಾಕಿ, ಬೆಳಕನ್ನು ತಗ್ಗಿಸಿದಳು.

ಗೋಡೆ ಕಂಡಿತು. ಗೋಡೆಗೆ ಒರಗಿಸಿದ್ದ ಏಣಿ ಕಂಡಿತು. ಒಂದು ನಾಯಿ ಅಡ್ಡ ಹೋಗಿದ್ದೂ ಕಂಡಿತು. ಹೆಂಡತಿ ಕಾಣಲಿಲ್ಲ.

"ಎಲ್ಲಿದ್ದಾಳೆ?" ಎಂದ ದರ್ಜಿ. ಅವಳು ಅಲ್ಲೇ ಇದ್ದಾಳೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹುಡುಕಿದ. ಅವಳ ಮೈಮೇಲಿದ್ದ ಕಡುನೀಲಿ ಬಟ್ಟೆಯನ್ನು ಹೊಲಿದವನು ಇವನೇ. ಅದು ಕತ್ತಲೊಳಗೆ ಕರಗಿಹೋಗಿತ್ತು.

"ಗೊತ್ತಿರೋ ನಿನಗೇ ಸಿಗ್ತಿಲ್ಲ," ಎಂದಳು ಅಕ್ಕ. "ಗೊತ್ತಿಲ್ಲದೋರು ಜೋರಾಗಿ ಬರ್ತಾ ಇರ್ತಾರೆ."

ದರ್ಜಿ ಸ್ಟೇರಿಂಗಿನ ಮೇಲೆ ಬಗ್ಗಿ ಮತ್ತೊಮ್ಮೆ ಹುಡುಕಿದ. ಮದುವೆಯಾದಾಗಿನಿಂದ ಅವಳು ಇವನ ಬೆನ್ನ ಹಿಂದೆ ಕೂತು ಓಡಾಡುತ್ತಿದ್ದಾಳೆ. ಹಿಂದಿನಿಂದ ಬರುವವರಿಗೆ ಅವಳು ಹೇಗೆ ಕಾಣುತ್ತಾಳೆಂದು ಇವನು ಒಂದು ದಿನವೂ ನೋಡಿರಲಿಲ್ಲ. ನೋಡುವುದಾದರೂ ಹೇಗೆ?

ಆ ತುದಿಯಿಂದ ಅವಳ ದನಿ ಬಂತು. "ಅಕ್ಕಾ, ಇವರು ಬೇಡ ಅಂದ ಕೆಂಪು ಬಿಲ್ಲೇನ ಡಬ್ಬಿಯಿಂದ ತಂದಿದ್ದೀನಿ! ಹಿಡಿದು ನೋಡಲಾ?"

ಮರುಕ್ಷಣ ಕತ್ತಲಲ್ಲಿ ಕೆಂಡದ ಹಾಗೆ ಒಂದು ಕೆಂಪು ಚುಕ್ಕಿ ಹೊತ್ತಿಕೊಂಡಿತು. ಬಲ್ಬಿಲ್ಲ, ವೈರಿಲ್ಲ. ವ್ಯಾನಿನ ಬೆಳಕನ್ನೇ ತಿರುಗಿಸಿ ವ್ಯಾನಿಗೇ ಕೊಡುತ್ತಿತ್ತು.

"ಅಗೋ, ಅಲ್ಲಿದ್ದಾಳೆ!" ಎಂದ ದರ್ಜಿ.

"ಕಾಣ್ತಾ ಇದೀನೇನ್ರೀ?" ಎಂದು ಅವಳು ಕೂಗಿದಳು.

"ಕಾಣ್ತೀಯ ಕಣೇ, ಕಾಣ್ತೀಯ!"

ಮಾರನೇ ಬೆಳಗ್ಗೆ ಮಷೀನಿನ ಕಾಲಡಿಯ ಹಾಳೆ ಹೊರಗೆ ಬಂತು. ಹೆಂಡತಿ ಓದಿದಳು, ದರ್ಜಿ ಕೆಲಸ ಮಾಡಿದ. ವೈರಿಗೆ ಕೈ ಹಾಕುವ ಮುಂಚೆ ಬ್ಯಾಟರಿಯ ತಂತಿ ಕಳಚಿದ. ಪಟ್ಟಿಯನ್ನು ಮೇಲಿನ ರಂಧ್ರಕ್ಕೆ ಏರಿಸಿದ. ವೈರುಗಳ ಹೊಸ ಬೆಸುಗೆಗೆ ರಬ್ಬರ್ ಕೊಳವೆ ತೊಡಿಸಿ, ಟೈರಿನ ದಾರಿಗೆ ಬಾರದ ಹಾಗೆ ಚೌಕಟ್ಟಿಗೆ ಬಿಗಿದ. ನಂಬರ್ ಪ್ಲೇಟಿನ ದೀಪ ಮರಳಿ ಬಂತು, ಹೊಸ ಫ್ಲಾಷರ್ ಬಂತು. ಕೆಂಪು ಬಿಲ್ಲೆಯನ್ನು ಹೆಂಡತಿಯೇ ನಟ್ಟು ತಿರುಗಿಸಿ ಕೂರಿಸಿದಳು. ಮತ್ತೆ ಸೀಮೆಸುಣ್ಣ ಉಜ್ಜಿ, ಇಬ್ಬರೂ ಕೂತು, ಅದೇ ಉಬ್ಬು ಹಾರಿಸಿ ಬಂದರು. ಟೈರು ಕಪ್ಪಗೇ ಇತ್ತು. ಹಳೆಯ ಮಡ್‌ಗಾರ್ಡನ್ನು ದರ್ಜಿ ಎಸೆಯಲಿಲ್ಲ, ಮಳೆಗಾಲದ ಕೆಸರಿಗೆ ಬೇಕಾದೀತೆಂದು ಅಟ್ಟಕ್ಕೆ ಹಾಕಿದ.

ಸಂಜೆ ಔಷಧಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ದೀಪ ಹಾಕಿ, ಇಳಿದು, ಒಮ್ಮೆ ಹಿಂದೆ ಹೋಗಿ ನಿಂತು ನೋಡಿದ. ಆಮೇಲೆ ಹೆಂಡತಿಯನ್ನು ಹತ್ತಿಸಿಕೊಂಡ. ಈಗ ದಿನಾ ಹಾಗೇ ಮಾಡುತ್ತಾನೆ. ನೋಡಿದವರು ನಗುತ್ತಾರೆ, ನಗಲಿ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಯನ್ನು ಚೆಂದ ಮಾಡಿಕೊಳ್ಳಿ, ಯಾರೂ ಬೇಡ ಎನ್ನುವುದಿಲ್ಲ. ಆದರೆ ಒಂದು ಭಾಗ ಕಳಚುವ ಮುಂಚೆ, ಇದು ಏನು ಕೆಲಸ ಮಾಡುತ್ತಿತ್ತು ಎಂದು ಕೇಳಿ. ನಿಮ್ಮಲ್ಲಿ ಯಾವುದಕ್ಕೆ ಅನುಮತಿ ಇದೆ ಎಂದು ವಿಚಾರಿಸಿ. ವೈರು ಅರ್ಥವಾಗದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ, ಅದರಲ್ಲಿ ಅವಮಾನವೇನಿಲ್ಲ. ಅಳತೆಯನ್ನು ಇಬ್ಬರು ಕೂತ ಮೇಲೆ ನೋಡಿ. ಕೊನೆಗೆ ಕತ್ತಲಾದಾಗ, ನಿಮ್ಮ ಹಿಂದೆ ಕೂರುವವರನ್ನು ಗಾಡಿಯ ಮೇಲೆ ಕೂರಿಸಿ, ನೀವು ಇಪ್ಪತ್ತು ಮೂವತ್ತು ಹೆಜ್ಜೆ ಹಿಂದಕ್ಕೆ ನಡೆದು, ತಿರುಗಿ ಒಂದು ಟಾರ್ಚು ಬಿಟ್ಟು ನೋಡಿ. ಅವರು ನಿಮಗೆ ಕಾಣುತ್ತಿದ್ದಾರೆಯೇ?