ಹಿಕ್ಕೆ ದೊರೆಯ ಭಾವಚಿತ್ರ

ಬೀರುವಿನಲ್ಲಿದ್ದ ಕೊನೆಯ ಆಲ್ಬಮ್ಮನ್ನೂ ಮಂಚದ ಮೇಲೆ ಬೋರಲು ಹಾಕಿ ಅವಳು ಕೊಡವಿದಳು. ಉದುರಿದ ಫೋಟೊಗಳಲ್ಲಿ ಒಂದರಲ್ಲಿ ಅವಳು, ಇನ್ನೊಂದರಲ್ಲಿ ಜಿಂಕೆ, ಮತ್ತೊಂದರಲ್ಲಿ ಕರಡಿ. ಗಂಡನದು ಹೆಸರಿಗೂ ಒಂದಿಲ್ಲ. ಇರುವುದಾದರೂ ಹೇಗೆ? ಜೀವಮಾನವೆಲ್ಲ ಕ್ಯಾಮೆರಾದ ಹಿಂದೆಯೇ ನಿಂತ ಮಹಾರಾಯ.

ನಡುಮನೆಯಲ್ಲಿ ಅವನನ್ನು ಮಲಗಿಸಿದ್ದರು. ಮಧ್ಯಾಹ್ನ ಸ್ಮಶಾನಕ್ಕೆ ಕಳಿಸಿಕೊಡಬೇಕು. ಅಷ್ಟರೊಳಗೆ ತಲೆಯ ಬಳಿ ಇಡಲು ಮುಖ ಕಾಣುವ ಫೋಟೊ ಬೇಕಿತ್ತು. ನಾಳೆಯಿಂದ ಗೋಡೆಯ ಮೇಲೆ ಅವಳ ಪಾಲಿಗೆ ಉಳಿಯುವವನೂ ಆ ಫೋಟೊದವನೇ.

ಅವನ ಅಕ್ಕ ಆಗಲೇ ಒಂದಕ್ಕೆ ಕಟ್ಟು ಹಾಕಿಸಿ ತಂದಿದ್ದರು. ಹಿಂದೆಂದೋ ಕೆಲಸದ ಅರ್ಜಿಗೆ ತೆಗೆಸಿದ್ದು. ಕತ್ತು ಬಿಗಿದ ಟೈ, ಎಣ್ಣೆ ಹಚ್ಚಿದ ತಲೆ, ಹಲ್ಲುನೋವು ಬಂದವನಂಥ ಮುಖ.

"ಇದು ಇವರಲ್ಲ ಅಕ್ಕಾ."

"ಇವನೇ ಕಣೇ. ಮುಖ ತೊಳೆದಿದ್ದಾನೆ ನೋಡು, ಅದಕ್ಕೇ ನಿನಗೆ ಗುರುತು ಸಿಗ್ತಿಲ್ಲ." ಅಕ್ಕ ಊರುಗೋಲು ಕುಟ್ಟಿದರು. "ಬದುಕಿದ್ದಾಗಂತೂ ಹಿಕ್ಕೆ ದೊರೆ ಅನ್ನಿಸ್ಕೊಂಡಿದ್ದಾಯ್ತು. ಇವತ್ತೊಂದಿನ ಮರ್ಯಾದಸ್ಥನ ಹಾಗೆ ಕಾಣ್ಲಿ ನನ್ನ ತಮ್ಮ."

*

ಆ ಬಿರುದು ಕೊಟ್ಟವಳು ಹೆಂಡತಿಯೇ. ಒಂದು ಸಂಜೆ ಮೆಣಸಿನ ಡಬ್ಬ ತೆರೆದರೆ ಒಳಗೆ ಕಡವೆಯ ಹಿಕ್ಕೆ!

"ಅಯ್ಯೋ! ಅಡುಗೆಮನೆಗೆ ತಂದಿದ್ದೀರಲ್ರೀ, ನಿಮಗೇನಾದ್ರೂ ಬುದ್ಧಿಗಿದ್ಧಿ ಇದೆಯಾ?"

"ಮೂಸಿ ನೋಡೇ, ಎಳೇ ಹುಲ್ಲಿನ ವಾಸನೆ. ಇವತ್ತಿಂದೇ ಕಣೇ!" ಎಂದು ಅವನು ಬಂಗಾರ ಸಿಕ್ಕವನ ಹಾಗೆ ಹಿಗ್ಗಿಹೋದ.

ಗುಡ್ಡವೊಂದರಲ್ಲಿ ಗಣಿ ತೋಡಲು ಕಂಪನಿಯವರು ಹೊರಟಿದ್ದರು. ತೋಡುವ ಮೊದಲು ಅಲ್ಲಿ ಯಾವ ದೊಡ್ಡ ಪ್ರಾಣಿಗಳಿವೆ, ಎಲ್ಲಿ ಮೇಯುತ್ತವೆ, ಎಲ್ಲಿ ಮರಿ ಹಾಕುತ್ತವೆ ಎಂದು ನೋಡಿ ವರದಿ ಕೊಡುವುದು ಅವನ ಕೆಲಸ. ಹೆಜ್ಜೆ, ಹಿಕ್ಕೆ, ಕಚ್ಚಿದ ತೊಗಟೆ ಹುಡುಕುತ್ತ ಗುಡ್ಡವನ್ನೆಲ್ಲ ಜಾಲಾಡುತ್ತಿದ್ದ.

"ಪೂರ್ವದ ಇಳಿಜಾರಲ್ಲಿ ಕಡವೆಗಳು ಮರಿ ಬಚ್ಚಿಡ್ತವೆ ಅಂತ ನನಗೆ ಗೊತ್ತು. ಇವರು ಸರಿಯಾಗಿ ಅಲ್ಲೇ ಗಣಿಗೆ ಗೆರೆ ಎಳೆದಿದ್ದಾರೆ. ಒಂದೇ ಒಂದು ಮರಿ ಕ್ಯಾಮೆರಾಕ್ಕೆ ಬಿದ್ದರೆ ಸಾಕು."

"ಆ ಕಡವೆ ನನಗೆ ಸವತಿ ಆಯ್ತು ಬಿಡಿ."

"ಸವತಿ ಅಲ್ವೇ, ಬಾಣಂತಿ. ನೋಡ್ಕೋಬೇಡ್ವಾ?"

ಅವಳು ಸಿಟ್ಟು ಮರೆತು ನಕ್ಕಿದ್ದಳು. ಅವನ ಜೊತೆ ಪೂರ್ತಿಯಾಗಿ ಒಂದು ಜಗಳ ಆಡಿ ಮುಗಿಸುವುದು ಅವಳಿಂದ ಎಂದೂ ಆಗಿರಲಿಲ್ಲ.

*

ಗಂಡನ ಜೊತೆ ಗುಡ್ಡ ಸುತ್ತುತ್ತಿದ್ದ ಜೊತೆಗಾರ ಲ್ಯಾಪ್‌ಟಾಪ್ ಅವುಚಿಕೊಂಡು ಹಿತ್ತಿಲ ಬಾಗಿಲಿಂದ ಬಂದ. "ಅತ್ತಿಗೆ, ಅಣ್ಣನ ಫೋಟೊ ಇದೆ. ಆದ್ರೆ ಬೈಬಾರ್ದು."

ಅಡುಗೆಕಟ್ಟೆಯ ಮೇಲೆ ತೆರೆದಿಟ್ಟ. "ಮರಕ್ಕೆ ಕ್ಯಾಮೆರಾ ಕಟ್ಟಿದ ಮೇಲೆ, ಪ್ರಾಣಿ ಬಂದ್ರೆ ಅದು ಫೋಟೊ ಹೊಡಿಯುತ್ತಾ ಅಂತ ನೋಡ್ಬೇಕಲ್ಲ? ಅದಕ್ಕೆ ಯಾರಾದ್ರೂ ಅದರ ಮುಂದೆ ನಾಲ್ಕು ಕಾಲಲ್ಲಿ ಹೋಗ್ಬೇಕು. ನನಗೆ ಸೊಂಟನೋವು ಅಂತ ಅಣ್ಣಾನೇ ಹೋಗ್ತಿದ್ರು. ಇವನ್ನೆಲ್ಲ ಅಳಿಸ್ಬೇಕಿತ್ತು. ಮನಸ್ಸು ಬರಲಿಲ್ಲ."

ಒಂದರ ಹಿಂದೆ ಒಂದು ಬಂದವು. ಹುಲ್ಲಿನಲ್ಲಿ ಅಂಬೆಗಾಲಿಡುವ ಗಂಡ. ತಲೆಗೆ ಕಡ್ಡಿ ಸಿಕ್ಕಿಸಿಕೊಂಡು ಕೋಡು ಮಾಡಿಕೊಂಡ ಗಂಡ. ನಾಲಗೆ ಚಾಚಿದ ಗಂಡ. ಒಂದರಲ್ಲಿ ಬರೀ ಹಿಂಭಾಗ.

"ಇದನ್ನ ಆಫೀಸಿನವರು ಕರಡಿ ಅಂತ ಎಣಿಸಿಬಿಟ್ಟಿದ್ರು. ತಿದ್ದಿಸೋಣ ಅಂದ್ರೆ, ಇರಲಿ ಬಿಡೋ, ಇನ್ನೆರಡು ದಿನ ಕರಡಿಯಾಗಿರ್ತೀನಿ ಅಂದ್ರು ಅಣ್ಣ."

ಅವಳಿಗೆ ನಗು ಉಕ್ಕಿ ಬಂತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ನಗುತ್ತ ನಗುತ್ತಲೇ ಅತ್ತಳು. ಎಷ್ಟು ಬೇಕಾಗಿದ್ದ ಅವನು ಅವಳಿಗೆ!

ಅವನ ಕೊನೆಯ ಫೋಟೊ ಹೋದ ವಾರದ್ದು. ಅಂಬೆಗಾಲಲ್ಲಿ ನೇರ ಕ್ಯಾಮೆರಾದತ್ತ ಬರುತ್ತಿದ್ದಾನೆ, ನರೆತ ಕೂದಲ ತುಂಬ ಹುಲ್ಲು, ಮುಖವೆಲ್ಲ ನಗು. ಅದರ ಮುಂದಿನದರಲ್ಲಿ ಅವನಿಲ್ಲ. ಅದೇ ಜಾಗದಲ್ಲಿ ಒಂದು ಹೆಣ್ಣು ಕಡವೆ, ಅದರ ಹೊಟ್ಟೆಯ ಕೆಳಗೆ ಕಾಲು ನಡುಗಿಸುತ್ತ ನಿಂತ ಮರಿ.

"ನೋಡಿ ಅತ್ತಿಗೆ! ಇನ್ನು ಆ ಗೆರೆ ಅವರು ಬದಲಾಯಿಸ್ಲೇಬೇಕು. ಕ್ಯಾಮೆರಾದ ಈ ಕಾರ್ಡ್ ನಾನು ನಿನ್ನೆಯಷ್ಟೇ ತಂದಿದ್ದು."

"ಇವರು ನೋಡ್ಲಿಲ್ವಲ್ಲೋ," ಎಂದಳು. ಆಮೇಲೆ ಮೂಗು ಒರೆಸಿಕೊಂಡು, "ಆ ನಗ್ತಿರೋದನ್ನ ದೊಡ್ಡದಾಗಿ ಮಾಡಿಸ್ಕೊಂಡು ಬಾ, ಓಡು," ಎಂದಳು.

ಫೋಟೊ ಬಂದಾಗ ಮನೆ ತುಂಬ ಜನ. ಟೈ ಕಟ್ಟಿದವನನ್ನು ತೆಗೆದು ಅವಳು ಅಂಬೆಗಾಲಿನವನನ್ನು ತಲೆಯ ಬಳಿ ನಿಲ್ಲಿಸಿದಳು. ಯಾರೋ ಕಿಸಕ್ಕೆಂದರು.

"ಏನೇ ಇದು? ನನ್ನ ತಮ್ಮ ಹೋಗೋ ದಿನವೂ ಜನ ನಗ್ಬೇಕಾ?" ಅಕ್ಕ ಎದ್ದು ಬಂದರು.

ಅವಳು ಹಿರಿಯರಿಗೆ ಎಂದೂ ಎದುರಾಡಿದವಳಲ್ಲ. ಆದರೂ ಅಡ್ಡ ನಿಂತಳು. "ನಗ್ಲಿ ಅಕ್ಕಾ. ಇವರನ್ನ ನೋಡಿ ನಗ್ತಾನೇ ಬಾಳಿದೋಳು ನಾನು. ಆ ಟೈ ಕಟ್ಟಿದೋರ ಜೊತೆ ಏನಂತ ಮಾತಾಡ್ಲಿ?"

ಅಕ್ಕ ಅವಳನ್ನು ಸರಿಸಿ ಫೋಟೊಕ್ಕೆ ಕೈ ಹಾಕಿದರು. ಕನ್ನಡಕ ಏರಿಸಿ ನೋಡಿದವರು ಹಾಗೇ ನಿಂತುಬಿಟ್ಟರು.

"ಇದೇ ನಗು," ಎಂದರು ಮೆಲ್ಲಗೆ. "ಕೂಸಾಗಿದ್ದಾಗ, ಅಮ್ಮ ಕೆಲಸಕ್ಕೆ ಹೋದ್ರೆ ನನ್ನ ಹಿಂದೆ ಮನೆಯೆಲ್ಲ ಹೀಗೇ ಬರ್ತಿದ್ದ. ಎಡಗಾಲಿನ ಮಂಡಿ ಮಾತ್ರ ಊರ್ತಿರ್ಲಿಲ್ಲ, ಕಳ್ಳ. ನೋಡ್ರೋ, ಇಲ್ಲೂ ಊರಿಲ್ಲ!"

ಯಾರಿಗೂ ಅರ್ಥವಾಗಲಿಲ್ಲ. ಎಲ್ಲರೂ ಮುಖ ಮುಖ ನೋಡಿಕೊಂಡರು.

"ಇರಿ, ತೋರಿಸ್ತೀನಿ," ಎಂದು ಅಕ್ಕ ಊರುಗೋಲನ್ನು ಅವಳ ಕೈಗೆ ಕೊಟ್ಟರು. ಗೋಡೆ ಹಿಡಿದು ನಿಧಾನಕ್ಕೆ ನೆಲಕ್ಕಿಳಿದರು. ಎರಡು ಅಂಗೈ ಊರಿ, ಒಂದು ಮಂಡಿ ಊರಿ, ಎಡಮಂಡಿಯನ್ನು ಎತ್ತಿ ಹಿಡಿದು, ನಗುತ್ತ, ಬಂದವರೆಲ್ಲ ಬಿಟ್ಟುಕೊಟ್ಟ ದಾರಿಯಲ್ಲಿ ತಮ್ಮನ ಕಡೆಗೆ ಹೊರಟರು.