ದಿಂಬಿನೊಳಗಿನ ಮದ್ದು

ನಾನು ಪುಕ್ಕಲಿಯಲ್ಲ. ನಮ್ಮೂರು ದೇವರಾಯಸಮುದ್ರದ ಕೆರೆ ಏರಿಯ ಮೇಲೆ ಒಮ್ಮೆ ನಾಗರಹಾವು ಅಡ್ಡ ಬಂತು. ಜೊತೆಗಿದ್ದ ಹುಡುಗಿಯರೆಲ್ಲ ಚಪ್ಪಲಿ ಬಿಟ್ಟು ಓಡಿದರು. ಹಾವು ಹೋಗುವ ತನಕ ನಿಂತಿದ್ದು ಅಷ್ಟೂ ಚಪ್ಪಲಿಗಳನ್ನು ಎತ್ತಿಕೊಂಡು ಬಂದವಳು ನಾನು. ಅಂಥ ರಂಜಿತ ಈ ಬೇಸಿಗೆಯಲ್ಲಿ ಹಾಡಹಗಲೇ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಅದು ಸಾಲದೆಂದು ರಾಗಿಮೂಟೆಯನ್ನು ಎಳೆದು ಅಡ್ಡವಿಟ್ಟು, ಅದರ ಮೇಲೆ ಕೂತು ನಡುಗಿದಳು. ಹೆದರಿದ್ದು ಕಳ್ಳನಿಗಲ್ಲ, ದೆವ್ವಕ್ಕಲ್ಲ, ಕಟ್ಟಿಕೊಂಡ ಗಂಡನಿಗೆ.

ಗಂಡನ ಹೆಸರು ಕದಿರೇಶ್. ಶ್ರೀನಿವಾಸಪುರದ ಆಚೆ ನಮ್ಮದೊಂದು ಮಾವಿನ ತೋಪಿದೆ. ಅವರಿಗೆ ಮಾತು ಕಡಿಮೆ, ಕೋಪ ಇನ್ನೂ ಕಡಿಮೆ. ಎರಡನ್ನೂ ಅವರ ಪಾಲಿನದನ್ನೂ ಸೇರಿಸಿ ನಾನೇ ಖರ್ಚು ಮಾಡುತ್ತೇನೆ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅವರನ್ನು ಸಾಕಿದವರು ದೊಡ್ಡಮ್ಮ, ಶಾಮಲಮ್ಮ. ಪಕ್ಕದ ಮನೆಯಲ್ಲೇ ಇದ್ದಾರೆ, ನಡುವೆ ಒಂದೇ ಗೋಡೆ. ನಾವು ತೋಪಿಗೆ ಹೋದಾಗ ನಮ್ಮ ಮನೆಗೂ ಅವರದೇ ಕಾವಲು. ಮದುವೆಯಾಗಿ ಎರಡು ವರ್ಷವಾದರೂ ನನ್ನ ಮಡಿಲು ತುಂಬಿಲ್ಲ ಎಂಬ ಚಿಂತೆ ನನಗಿಂತ ಅವರಿಗೇ ಹೆಚ್ಚು. ಕಾಯಿ ಬಲಿತ ಮೇಲೆ ಕಾವಲಿಗೆಂದು ನಮ್ಮವರು ವಾರವೆಲ್ಲ ತೋಪಿನಲ್ಲೇ ಮಲಗುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಮಾವಿನ ಮರವನ್ನೇ ಕಟ್ಕೋಬೇಕಿತ್ತು ಇವನು ಎಂದು ಗೊಣಗುತ್ತಿದ್ದರು.

ಈ ವರ್ಷ ತೋಟಗಾರಿಕೆ ಇಲಾಖೆಯಿಂದ ಅಮರನಾಥ್ ಎನ್ನುವವರು ಬಂದು ಊರವರಿಗೆಲ್ಲ ಮೋಹಕ ಬಲೆ ಹಂಚಿದರು. ಬಲೆ ಅಂದರೆ ಬಲೆಯಲ್ಲ, ಪಕ್ಕದಲ್ಲಿ ತೂತುಗಳಿರುವ ಪ್ಲಾಸ್ಟಿಕ್ ಡಬ್ಬ. ಒಳಗೆ ಬೆರಳಿನಷ್ಟು ಮರದ ತುಂಡು ನೇತಾಡುತ್ತದೆ, ಅದಕ್ಕೆ ಔಷಧಿ ಕುಡಿಸಿರುತ್ತಾರೆ. ಆ ವಾಸನೆಗೆ ಹಣ್ಣುನೊಣದ ಗಂಡುಗಳು ಎಲ್ಲಿದ್ದರೂ ಬುದ್ಧಿ ಕಳೆದುಕೊಂಡು ಹುಡುಕಿಕೊಂಡು ಬರುತ್ತವೆ. ಬಂದವು ಅಲ್ಲೇ ಸಾಯುತ್ತವೆ, ಯಾಕೆಂದರೆ ತುಂಡಿನಲ್ಲಿ ವಿಷವೂ ಇದೆ. ಬರಿಗೈಯಲ್ಲಿ ಮುಟ್ಟಬೇಡಿ, ಮನೆಯೊಳಕ್ಕೆ ತರಬೇಡಿ ಎಂದು ಅವರು ಒತ್ತಿ ಹೇಳಿದರು.

ಗುಂಪಿನಲ್ಲಿ ಯಾರೋ, ಮನುಷ್ಯರಿಗೂ ಇಂಥದೊಂದು ಇದ್ದರೆ ಕೊಡಿ, ನಮ್ಮ ಹುಡುಗರಿಗೆ ಹೆಣ್ಣೇ ಸಿಗುತ್ತಿಲ್ಲ ಎಂದು ಕಿಚಾಯಿಸಿದರು. ಅಮರನಾಥ್ ನಕ್ಕರು. ಮನುಷ್ಯರನ್ನು ಹೀಗೆ ಎಳೆದು ತರುವ ವಾಸನೆ ಇದೆಯೆಂದು ಇನ್ನೂ ಯಾರೂ ಗಟ್ಟಿಯಾಗಿ ತೋರಿಸಿಲ್ಲ ಎಂದರು. ಆದರೆ ಹೆದರಿದವರ ಬೆವರೇ ಬೇರೆಯಂತೆ. ಅದು ಮೂಗಿಗೆ ತಾಕಿದರೆ ಪಕ್ಕದವರ ಎದೆಯೂ ಹೊಡೆದುಕೊಳ್ಳಬಹುದಂತೆ, ಯಾಕೆಂದು ಅವರಿಗೇ ಗೊತ್ತಾಗುವುದಿಲ್ಲವಂತೆ. ಜನಕ್ಕೆ ಹೆಣ್ಣು ಸಿಗುವ ಮಾತು ಬೇಕಿತ್ತು, ಬೆವರಿನ ಮಾತು ಬೇಕಿರಲಿಲ್ಲ. ಎಲ್ಲರೂ ಎದ್ದು ಡಬ್ಬಗಳಿಗೆ ಮುಗಿಬಿದ್ದರು.

ಅದಾದ ಕೆಲವು ದಿನಕ್ಕೆ ದಿಂಬಿನ ಚೀಲ ಒಗೆಯಲು ತೆಗೆದೆ. ಲವಂಗದಂಥ ವಾಸನೆ ಬಂತು. ಕೈ ಹಾಕಿದರೆ ಹತ್ತಿಯ ನಡುವೆ ಏನೋ ಗಟ್ಟಿ. ಎಳೆದೆ. ಬಲೆಯ ಡಬ್ಬದಲ್ಲಿರುವ ಅದೇ ಮರದ ತುಂಡು. ನನ್ನ ದಿಂಬಿನಲ್ಲಿ.

ನಮ್ಮ ಮನೆಯಲ್ಲಿ ಕೈಗೆ ಕವರು ಹಾಕಿಕೊಂಡು ಆ ತುಂಡುಗಳನ್ನು ಡಬ್ಬಕ್ಕೆ ಕಟ್ಟಿದವರು ನಮ್ಮವರೊಬ್ಬರೇ. ಅದರಲ್ಲಿ ವಿಷವಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೇಳಬಹುದಿತ್ತು. ಇಡೀ ಬೀದಿಗೆ ಬಾಯಿ ಮಾಡುವ ನಾನು ಅವತ್ತು ಕೇಳುವುದು ಬಿಟ್ಟು ತುಂಡನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟು, ಸೋಪು ಹಚ್ಚಿ ಹಚ್ಚಿ ಕೈ ತೊಳೆದು, ಅವರು ಬರುವುದನ್ನೇ ಕಾದೆ. ಮುಖ ನೋಡಿದರೆ ಗೊತ್ತಾಗುತ್ತದೆ ಅಂದುಕೊಂಡಿದ್ದೆ.

ಬಂದರು. ನನ್ನ ಮುಖ ನೋಡಲಿಲ್ಲ. ಬಡಿಸಿದರೆ ಹಸಿವಿಲ್ಲ ಎಂದರು. ಮರುದಿನ ಬೆಳಿಗ್ಗೆಯೂ ಹಸಿವಿಲ್ಲ, ಮಧ್ಯಾಹ್ನವೂ ಇಲ್ಲ. ಎರಡು ಮುದ್ದೆ ಉಣ್ಣುವ ಗಂಡಸಿಗೆ ಹಸಿವಿಲ್ಲವೆಂದರೆ ನಂಬುವುದು ಹೇಗೆ? ಮೂಲೆಮನೆ ಮುನಿಲಕ್ಷ್ಮಿ ಬೇರೆ ನೀರು ಹಿಡಿಯುವಾಗ, ನಿಮ್ಮವರು ಶ್ರೀನಿವಾಸಪುರದ ಹೋಟೆಲಿನಲ್ಲಿ ಪೂರಿ ತಿನ್ನುತ್ತಿದ್ದರು, ಮನೆಯಲ್ಲಿ ಜಗಳವಾ ಎಂದು ವಿಚಾರಿಸಿದಳು. ಬಿಂದಿಗೆ ಕೈ ಜಾರಿತು. ಅವರಿಗೆ ಹಸಿವಿದೆ. ಮನೆಯದನ್ನು ಮಾತ್ರ ತಿನ್ನುತ್ತಿಲ್ಲ. ಮನೆಯ ಹಿಟ್ಟಿಗೋ ಬೇಳೆಗೋ ಏನು ಬೆರೆಸಿದ್ದಾರೆಂದು ಅವರಿಗೆ ಗೊತ್ತಿದೆ, ಅದಕ್ಕೇ ತಿನ್ನುತ್ತಿಲ್ಲ.

ಅವತ್ತಿನಿಂದ ನಾನೂ ಬಿಟ್ಟೆ. ಅಡುಗೆ ಮಾಡುತ್ತಿದ್ದೆ, ಬಡಿಸುತ್ತಿದ್ದೆ, ಇಬ್ಬರೂ ಹಸಿವಿಲ್ಲ ಎನ್ನುತ್ತಿದ್ದೆವು, ಅಷ್ಟನ್ನೂ ತಿಪ್ಪೆಗೆ ಸುರಿಯುತ್ತಿದ್ದೆ. ಬಾಳೆಹಣ್ಣು, ಬಿಸ್ಕತ್ತು, ಉದುರಿದ ಮಾವಿನಕಾಯಿ, ಇದೇ ನನ್ನ ಊಟ. ತಿಪ್ಪೆಯಲ್ಲಿ ನಮ್ಮ ಮುದ್ದೆ ಸಾರು ತಿಂದು ಬೀದಿನಾಯಿಗಳು ದುಂಡಗಾಗುತ್ತಿದ್ದದ್ದು ಮಾತ್ರ ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ಆಮೇಲೆ ವಾಸನೆ ಶುರುವಾಯಿತು. ಅವರ ಬೆವರು ನನಗೆ ಹೊಸದಲ್ಲ. ಮಾವಿನ ಸೊನೆ, ಮಣ್ಣು, ಬೀಡಿ, ಅದೆಲ್ಲ ಸೇರಿದ ಆ ವಾಸನೆ ನನಗೆ ಇಷ್ಟವೇ ಆಗಿತ್ತು, ಅವರೆದುರು ಹೇಳಿರಲಿಲ್ಲ ಅಷ್ಟೇ. ಈಗ ಅವರ ಅಂಗಿಯಿಂದ ಬರುತ್ತಿದ್ದದ್ದು ಹುಳಿಹುಳಿಯಾದ, ತುಕ್ಕು ಹಿಡಿದ ಕಬ್ಬಿಣದಂಥ ವಾಸನೆ. ಅವರು ಬಾಗಿಲು ದಾಟಿ ಒಳಗೆ ಬಂದರೆ ಸಾಕು, ಒಲೆ ಮುಂದೆ ಕೂತ ನನ್ನ ಅಂಗೈ ತಣ್ಣಗಾಗುತ್ತಿತ್ತು, ಎದೆ ಡವಗುಟ್ಟುತ್ತಿತ್ತು. ತಿರುಗಿ ನೋಡುವ ಮೊದಲೇ ಇಷ್ಟೂ ಆಗುತ್ತಿತ್ತು. ವಾಸನೆ ಮೊದಲು, ಹೆದರಿಕೆ ಆಮೇಲೆ. ಇದು ಕೊಲ್ಲಲು ಹೊರಟವನ ಬೆವರು ಎಂದು ತೀರ್ಮಾನಿಸಿದೆ. ಅಮರನಾಥ್ ಹೇಳಿದ ಮಾತು ಅಷ್ಟು ಹತ್ತಿರದಲ್ಲಿದ್ದರೂ ನೆನಪಾಗಲಿಲ್ಲ. ಹೆದರಿದ ತಲೆಗೆ ತನಗೆ ಬೇಕಾದದ್ದು ಮಾತ್ರ ನೆನಪಾಗುತ್ತದೆ.

ನಾನು ತರಕಾರಿ ಹೆಚ್ಚುವಾಗ ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಹೆದರಿ ಮಚ್ಚನ್ನು ರಾಗಿಮೂಟೆಯ ಹಿಂದೆ ಬಚ್ಚಿಟ್ಟೆ. ಅವರು ಮಚ್ಚು ಹುಡುಕಿದರು, ಸಿಗಲಿಲ್ಲ. ನನ್ನ ಕಡೆ ಒಮ್ಮೆ ನೋಡಿ ಹೊರಗೆ ಹೋಗಿ ಜಗಲಿಯ ಮೇಲೆ ಮಲಗಿದರು. ಮುಳಬಾಗಿಲಿನಲ್ಲಿರುವ ಅಣ್ಣ ವೆಂಕಟ್‌ಗೆ ಫೋನ್ ಮಾಡಿದೆ. ಅವನು ಏನಮ್ಮಾ ಅಂದ ಕೂಡಲೇ ಈ ಸಲ ಕಾಯಿ ಚೆನ್ನಾಗಿದೆ ಎಂದು ಹೇಳಿ ಇಟ್ಟುಬಿಟ್ಟೆ. ಒಂದು ಮಾತು ಆಡಿದ್ದರೆ ಅವನು ಜನ ಕಟ್ಟಿಕೊಂಡು ಬರುತ್ತಿದ್ದ. ಆಮೇಲೆ ಈ ಮನೆ ನನಗೆ ಉಳಿಯುತ್ತಿರಲಿಲ್ಲ. ಸಾಯಿಸುತ್ತಾರೆಂದು ಹೆದರುತ್ತಲೇ ಅವರನ್ನು ಕಳೆದುಕೊಳ್ಳಲೂ ಹೆದರುತ್ತಿದ್ದೆ. ಇದನ್ನು ಯಾರಿಗೆ ಹೇಳುವುದು?

ಒಂದು ಬೆಳಿಗ್ಗೆ ದೊಡ್ಡಮ್ಮ ಬಂದು ಅವರನ್ನು ಕರೆದುಕೊಂಡು ಹೊರಟರು. ಆವನಿ ಕಡೆ ಒಂದು ಕೆಲಸವಿದೆ ಎಂದಷ್ಟೇ ಹೇಳಿದರು. ಅಂಗಳದಲ್ಲಿ ಬೈಕಿನ ಹಿಂದೆ ಹತ್ತುತ್ತಾ ದೊಡ್ಡಮ್ಮ ತಗ್ಗಿದ ದನಿಯಲ್ಲಿ ಆಡಿದ ಮಾತು ಕಿಟಕಿಯಲ್ಲಿ ನನಗೆ ಕೇಳಿಸಿತು.

"ಇವತ್ತು ತೆಗೆಸ್ಬಿಟ್ರೆ ನೆಮ್ಮದಿ ಕಣ್ ನಾಯನಾ."

ತೆಗೆಸುವುದು ಅಂದರೆ ನನ್ನನ್ನೇ. ನನಗೆ ಬೇರೆ ಅರ್ಥ ಹೊಳೆಯಲಿಲ್ಲ. ಬೈಕು ಮರೆಯಾದದ್ದೇ ಚಿಲಕ ಹಾಕಿದೆ, ಮೂಟೆ ಎಳೆದೆ, ಮಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

ಮಧ್ಯಾಹ್ನ ತಿರುಗಿ ಬಂದರು. ಬೈಕು ಹೊಡೆದುಕೊಂಡು ಬಂದವನು ಊರಿನ ಬೇರೊಬ್ಬ. ಅವನು ನಮ್ಮವರನ್ನು ಇಳಿಸಿ ಹೋದ. ಆಟೋದಲ್ಲಿ ಹಿಂದೆಯೇ ಬಂದ ದೊಡ್ಡಮ್ಮ ಅವರ ತೋಳು ಹಿಡಿದು ನಡೆಸಿದರು. ನಮ್ಮವರು ಬಾಗಿಲು ತಟ್ಟಿದರು, ನೂಕಿದರು, ನಾನು ತೆರೆಯಲಿಲ್ಲ.

"ರಂಜಿತಾ, ಬಾಗ್ಲು ತೆಗಿ. ಒಂಚೂರು ನೀರು ಕೊಡು."

ದನಿ ಅವರದಲ್ಲ ಅನ್ನಿಸಿತು. ಕಿಟಕಿಯಲ್ಲಿ ನೋಡಿದೆ. ಮುಖ ಸುಣ್ಣದ ಹಾಗಿತ್ತು, ತುಟಿಯ ಸುತ್ತ ಹಸಿರು ಕಲೆ. ಆದರೂ ಆ ವಾಸನೆ ಕಿಟಕಿಯೊಳಗೂ ಬಂತು. ಅಟ್ಟದ ಮೇಲಿಟ್ಟಿದ್ದ ತುಂಡನ್ನು ತೆಗೆದು, ಸುತ್ತಿದ ಬಟ್ಟೆ ಬಿಚ್ಚಿ, ಸರಳಿನ ಸಂದಿಯಿಂದ ಅಂಗಳಕ್ಕೆ ಎಸೆದೆ.

"ಇದನ್ನ ನನ್ನ ದಿಂಬಲ್ಲಿ ಯಾಕಿಟ್ರಿ? ನನ್ನ ಸಾಯ್ಸೋಕೆ ತಾನೇ?"

ಅವರು ಅದನ್ನು ನೋಡಿದರು. ಆಮೇಲೆ ಜೇಬಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಅದರ ಪಕ್ಕದಲ್ಲೇ ಇಟ್ಟರು. ಅದರಲ್ಲೂ ಅಂಥದೇ ತುಂಡು.

"ಇದು ನನ್ನ ದಿಂಬಲ್ಲಿತ್ತು. ನೀನು ಮದ್ದು ಹಾಕ್ದೆ ಅಂದ್ಕೊಂಡೆ."

ನಮ್ಮ ಕಡೆ ಮದ್ದು ಹಾಕುವುದೆಂದರೆ ಕೊಲೆಗಿಂತ ಕಡಿಮೆಯೇನಲ್ಲ. ಗಂಡನನ್ನು ಹಿಡಿತದಲ್ಲಿ ಇಟ್ಟುಕೊಳ್ಳಲು ಹೆಂಡತಿ ಊಟದಲ್ಲಿ ಏನೋ ಬೆರೆಸುತ್ತಾಳೆ, ಅದು ಹೊಟ್ಟೆಯಲ್ಲಿ ಗಂಟಾಗಿ ಕೂತು ಮನುಷ್ಯ ಒಣಗಿ ಒಣಗಿ ಸಾಯುತ್ತಾನೆ ಎಂದು ನಂಬುವ ಜನ. ತೆಗೆಸಬೇಕಾದರೆ ಸೊಪ್ಪಿನ ರಸ ಕುಡಿಸಿ ಕಕ್ಕಿಸುವವರ ಹತ್ತಿರ ಹೋಗಬೇಕು. ಬೆಳಿಗ್ಗೆ ತೆಗೆಸಲು ಹೋಗಿದ್ದು ಅದನ್ನು. ಕರುಳು ಬಾಯಿಗೆ ಬರುವ ತನಕ ಕಕ್ಕಿಸಿದ್ದರು. ಕರೀ ಗಂಟೊಂದು ಬಿತ್ತಂತೆ, ಕಣ್ಣಾರೆ ಕಂಡರಂತೆ.

"ನಿನ್ನ ಕಂಡ್ರೆ ಭಯ ಆಗುತ್ತೆ ಕಣೇ," ಎಂದರು ನಮ್ಮವರು, ಅಂಗಳದಲ್ಲಿ ಕುಸಿದು ಕೂತು. "ನೀನು ಹತ್ರ ಬಂದ್ರೆ ಎದೆ ಹೊಡ್ಕೊಳುತ್ತೆ. ನಿನ್ನ ಮೈ ವಾಸ್ನೆನೇ ಬೇರೆ ಆಗೋಗಿದೆ."

ನನ್ನ ವಾಸನೆ. ನಾನು ಅವರದನ್ನು ಮೂಸಿ ನಡುಗುತ್ತಿದ್ದ ಅಷ್ಟೂ ದಿನ ಅವರು ನನ್ನದನ್ನು ಮೂಸಿ ನಡುಗುತ್ತಿದ್ದರು. ಹೆದರಿದವರ ಬೆವರಿನ ಮಾತು ಆಗ ನೆನಪಾಯಿತು. ಒಬ್ಬರ ಹೆದರಿಕೆಯನ್ನು ಇನ್ನೊಬ್ಬರು ಉಸಿರಾಡಿ, ಅದನ್ನೇ ದುಪ್ಪಟ್ಟು ಮಾಡಿ ತಿರುಗಿಸಿ ಕೊಟ್ಟಿದ್ದೆವು.

ಹಾಗಾದರೆ ಇಟ್ಟವರು ಯಾರು? ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು, ಆಮೇಲೆ ಇಬ್ಬರೂ ದೊಡ್ಡಮ್ಮನನ್ನು ನೋಡಿದೆವು. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಆತುಕೊಂಡಿದ್ದರು. ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು.

"ಗಂಡು ಎಲ್ಲಿದ್ರೂ ಹುಡುಕ್ಕೊಂಡ್ ಬರ್ತದೆ ಅಂದ್ರಲ್ಲಮ್ಮಾ ಆ ಡಬ್ಬ ಹಂಚಿದ ಸಾರು," ಎಂದರು. "ಇವನು ತೋಪು ಬಿಟ್ಟು ಮನೆಗ್ ಬರ್ಲಿ, ಮಗು ಆಗ್ಲಿ ಅಂತ ಇಬ್ರಿಗೂ ಒಂದೊಂದ್ ಇಟ್ಟೆ. ವಿಷದ್ ಮಾತು ನನ್ ಕಿವಿಗೇ ಬೀಳ್ಲಿಲ್ಲ. ಇವನು ಅದನ್ನ ಹಿಡ್ಕೊಂಡ್ ಬಂದಾಗ ಇವನ ಮುಖ ನೋಡಿ ನಂಗೂ ಕೈಕಾಲು ಬಿದ್ದೋಯ್ತು. ನಾನೇ ಅನ್ನೋಕೆ ಬಾಯಿ ಬರ್ಲಿಲ್ಲ. ಮದ್ದು ಅಂದ್ಬಿಟ್ಟೆ."

ಒಂದು ಸಲ ಅಂದ ಮೇಲೆ ನಿಲ್ಲಿಸುವುದಕ್ಕೆ ಆಗಲಿಲ್ಲವಂತೆ. ನನಗೆ ಬಂದ ಸಿಟ್ಟಿಗೆ ಇಡೀ ಬೀದಿ ಸೇರುವಂತೆ ಕೂಗಬೇಕಿತ್ತು. ನನ್ನನ್ನು ಮದ್ದು ಹಾಕುವವಳು ಎಂದು ಊರು ಕರೆಯುವುದಕ್ಕೆ ಇನ್ನೊಂದೇ ಮಾತು ಬಾಕಿ ಇತ್ತು. ಆದರೆ ಆ ಮುದುಕಿ ನಡುಗುತ್ತಿದ್ದುದನ್ನು ನೋಡಿ ಸಿಟ್ಟು ನುಂಗಿಕೊಂಡೆ. ನೀವು ನಿಮ್ಮ ಮನೆಗೆ ಹೋಗಿ ದೊಡ್ಡಮ್ಮಾ, ಆಮೇಲೆ ಮಾತಾಡೋಣ ಎಂದೆ. ಕಣ್ಣು ಒರೆಸಿಕೊಳ್ಳುತ್ತ ಹೋದರು.

ಮೂಟೆ ಸರಿಸಿ ಬಾಗಿಲು ತೆಗೆದೆ. ವಿಷಯ ತಿಳಿದರೆ ಹೆದರಿಕೆ ಹೋಗುತ್ತದೆ ಅಂದುಕೊಂಡಿದ್ದೆ. ಹೋಗಲಿಲ್ಲ. ಅವರು ಹೊಸ್ತಿಲು ದಾಟಿದಾಗ ನನ್ನ ಕಾಲು ತಾನಾಗಿ ಹಿಂದೆ ಸರಿಯಿತು, ನನ್ನ ಕೈಯಲ್ಲಿದ್ದ ಮಚ್ಚು ನೋಡಿ ಅವರದೂ. ಮಚ್ಚನ್ನು ಮೂಲೆಗೆ ಎಸೆದೆ. ಅವರು ಬಚ್ಚಲಿಗೆ ಹೋಗಿ ಕೈಗೆ, ಮೈಗೆ, ತಲೆಗೆ ನೀರು ಸುರಿದುಕೊಂಡು ಬಂದರು. ನಾನೂ ಮುಖ ತೊಳೆದೆ. ತೊಳೆದರೂ ಮೈ ಇಬ್ಬರ ಮಾತೂ ಕೇಳಲಿಲ್ಲ. ನಡುವೆ ಒಂದು ಮಂಚದಷ್ಟು ಜಾಗ ಬಿಟ್ಟು, ಗೊತ್ತುಪರಿಚಯ ಇಲ್ಲದವರ ಹಾಗೆ ಕೂತೆವು.

ಕಕ್ಕಿ ಕಕ್ಕಿ ಅವರ ಹೊಟ್ಟೆ ಬೆನ್ನಿಗೆ ಅಂಟಿತ್ತು. ರಾಗಿ ಅಂಬಲಿ ಕಾಸಿ, ಆರಿಸಿ, ಮಜ್ಜಿಗೆ ಬೆರೆಸಿ ತಂದು ಮುಂದಿಟ್ಟೆ. ಅವರು ಲೋಟವನ್ನೇ ನೋಡಿದರು. ಕೈ ಎತ್ತಲಿಲ್ಲ. ನಾನು ಲೋಟ ತೆಗೆದುಕೊಂಡು ಅವರ ಕಣ್ಣೆದುರೇ ಎರಡು ಗುಟುಕು ಕುಡಿದೆ, ಮತ್ತೆ ಇಟ್ಟೆ. ಅವರು ಕಣ್ಣು ಮುಚ್ಚಿ ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಅದು ಬಾಯಲ್ಲೇ ಉಳಿಯಿತು. ಉಗಿದರೆ ನಮ್ಮ ಸಂಸಾರ ಅಷ್ಟೇ ಎಂದು ನನಗೆ ಅನ್ನಿಸಿತು. ಗಂಟಲು ಒಮ್ಮೆ ಅಲುಗಿತು. ನುಂಗಿದರು.

"ಉಪ್ಪು ಸಾಲ್ದು," ಎಂದರು.

ಓಡಿ ಹೋಗಿ ಉಪ್ಪಿನ ಡಬ್ಬಿ ತಂದೆ. ಮುಚ್ಚಳ ತೆಗೆದು, ಕಾಣಿಸಲಿ ಎಂದು ಅವರ ಹತ್ತಿರಕ್ಕೇ ಹಿಡಿದು, ಬೇಕಾದಷ್ಟು ಹಾಕಿಕೊಳ್ಳಿ ಎಂದೆ. ಅವರು ಡಬ್ಬಿ ಮುಟ್ಟಲಿಲ್ಲ. ಲೋಟವನ್ನು ನನ್ನ ಕಡೆಗೆ ಸರಿಸಿದರು.

"ನೀನೇ ಹಾಕು," ಎಂದರು.